ಬೇಸಿಗೆಯಲ್ಲೇ ಹೋಗಿ ನೋಡಬೇಕಾದ ಬಯಲು

ಮಾರ್ಚ್ ಮುಗಿಯುತ್ತಿದ್ದಂತೆ ದಾವಣಗೆರೆ ಸೀಮೆಯ ಹಕ್ಕಿಪ್ರಿಯರ ದುರ್ಬೀನುಗಳು ಪೆಟ್ಟಿಗೆ ಸೇರುತ್ತವೆ. ಚಳಿಗಾಲಕ್ಕೆ ಬಂದಿದ್ದ ಬಾತುಗಳು ಉತ್ತರಕ್ಕೆ ಹೊರಟಿರುತ್ತವೆ, ಕೆರೆಗಳ ಅಂಚು ಬಿರುಕು ಬಿಟ್ಟಿರುತ್ತದೆ. ಬಿಸಿಲು ನೆತ್ತಿ ಸುಡುವಾಗ ಬಯಲಿನಲ್ಲಿ ಏನಿದ್ದೀತು ಎಂಬುದು ಎಲ್ಲರ ಲೆಕ್ಕ. ಈ ಲೆಕ್ಕ ತಪ್ಪು. ಜಗಳೂರಿನ ಕುರುಚಲು ಗುಡ್ಡ, ಚನ್ನಗಿರಿಯ ಬೋಳು ಮರಡಿ, ಹೊನ್ನಾಳಿಯ ಹೊಳೆದಂಡೆ, ನ್ಯಾಮತಿಯ ಹುಲ್ಲಿನ ಇಳಿಜಾರು ಇವುಗಳ ಸ್ವಂತ ಹಕ್ಕಿಗಳು ಸಂಸಾರ ಹೂಡುವುದೇ ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಕಾಣುವವರಲ್ಲಿ ಬಹಳಷ್ಟು ಮಂದಿ ಅತಿಥಿಗಳು. ಏಪ್ರಿಲ್-ಮೇ ತಿಂಗಳಲ್ಲಿ ಕಾಣುವವರು ಮನೆಯವರು.

ಆ ಮನೆಯವರನ್ನು ನೋಡಲು ಒಂದು ದಿನ ಸಾಕು. ಆದರೆ ಹೊತ್ತು ಮೂಡುವ ಮೊದಲೇ ಜಗಳೂರು ದಾಟಿರಬೇಕು.

ಜಗಳೂರು ತಾಲ್ಲೂಕಿನ ಹೆಸರು ಪತ್ರಿಕೆಗಳಲ್ಲಿ ಬರುವುದು ಬಹುಪಾಲು ಬರದ ಸುದ್ದಿಯಲ್ಲಿ. ಅದೇ ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. 2011ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 77 ಚದರ ಕಿಲೋಮೀಟರ್. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಮೂಡುವುದು ಕೊಂಡುಕುರಿಯೊಂದಕ್ಕೇ, ಅದೂ ಗಂಡಿಗೆ ಮಾತ್ರ. ಮೇಕೆಯಷ್ಟೇ ಗಾತ್ರದ, ಮಹಾ ನಾಚಿಕೆಯ ಈ ಪ್ರಾಣಿಗೆ ದಟ್ಟ ಕಾಡು ಬೇಡ. ಎಲೆಯುದುರುವ ತೆಳುಗಾಡು, ಮರಗಳ ನಡುವೆ ಎದೆಮಟ್ಟದ ಹುಲ್ಲು, ಹತ್ತಿರದಲ್ಲೊಂದು ನೀರಿನ ಗುಂಡಿ ಇದ್ದರೆ ಸಾಕು. ಬಯಲುಸೀಮೆಯ ಮುಳ್ಳುಕಂಟಿಗಾಗಿ, ಆನೆ ಹುಲಿಯ ಹೆಸರಿಲ್ಲದೆ, ಒಂದು ವನ್ಯಧಾಮ ಆದದ್ದು ನಮ್ಮ ರಾಜ್ಯದಲ್ಲಿ ಅಪರೂಪದ ಸಂಗತಿ. ಇದಕ್ಕೆ ಜಗಳೂರಿನವರು ಹೆಮ್ಮೆಪಡಬೇಕು.

ಕೊಂಡುಕುರಿ ಕಣ್ಣಿಗೆ ಬೀಳುವುದು ಅದೃಷ್ಟದ ಮಾತು. ಹಕ್ಕಿಗಳಿಗೆ ಅಷ್ಟು ಅದೃಷ್ಟ ಬೇಕಿಲ್ಲ. ಬೆಳಕು ಹರಿಯುತ್ತಿದ್ದಂತೆ ಗೌಜಲಹಕ್ಕಿಗಳು ಪೊದೆಯಿಂದ ಪೊದೆಗೆ ಕೂಗು ಹಾಕುತ್ತವೆ. ನೆಲಗುಬ್ಬಿಯ ಗಂಡು ನೇರ ಮೇಲಕ್ಕೆ ಹಾರಿ, ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮುನ್ನ ಸಿಳ್ಳು ಹಾಕಿ ಮತ್ತೆ ಏರುತ್ತದೆ. ಹೆಣ್ಣನ್ನು ಒಲಿಸಲು ಅದು ಆಡುವ ಆಟ ಅದು. ತಂತಿಯ ಮೇಲೆ ಸುಮ್ಮನೆ ಕೂತಿದ್ದ ನೀಲಕಂಠ ಒಮ್ಮೆಲೇ ಆಕಾಶಕ್ಕೇರಿ, ಉರುಳುತ್ತ, ಕರ್ಕಶವಾಗಿ ಕೂಗುತ್ತ ಇಳಿಯುವಾಗ ರೆಕ್ಕೆಯ ಎರಡು ನೀಲಿಗಳು ಬಿಚ್ಚಿಕೊಳ್ಳುತ್ತವೆ. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಅದು ಮಲೆನಾಡಿನ ದಟ್ಟ ಕಾಡಿನದಲ್ಲ, ಬಯಲಿನದು.

ಬಿಸಿಲೇರಿದ ಮೇಲೆ, ಎಂಟು ಒಂಬತ್ತರ ಹೊತ್ತಿಗೆ, ನೀರಿರುವ ಒಂದು ಗುಂಡಿಯ ಬಳಿ ಸದ್ದಿಲ್ಲದೆ ಕೂರುವವರಿಗೆ ಬಯಲಿನ ಅತ್ಯಂತ ದೊಡ್ಡ ವಿಸ್ಮಯ ಕಾಣಸಿಗಬಹುದು. ಸ್ಯಾಂಡ್‌ಗ್ರೌಸ್ ಎಂಬ, ಪಾರಿವಾಳದ ಮೈಕಟ್ಟಿನ ಮಣ್ಣುಬಣ್ಣದ ಹಕ್ಕಿಗಳು ದೂರದಿಂದ ಗುಂಪುಗುಂಪಾಗಿ ಹಾರಿ ಬಂದು ನೀರಿಗಿಳಿಯುತ್ತವೆ. ಹೆಣ್ಣು ಕುಡಿದು ಹಾರುತ್ತದೆ. ಮರಿಗಳಿರುವ ಗಂಡು ಮಾತ್ರ ನೀರಿನಲ್ಲಿ ನಿಂತು ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಳ್ಳುತ್ತದೆ. ಹಾಗೆ ಹೊತ್ತ ನೀರನ್ನು ಒಣ ಬಯಲಿನಲ್ಲಿ ಕಾಯುತ್ತಿರುವ ಮರಿಗಳ ಬಳಿಗೆ ಒಯ್ಯುತ್ತದೆ. ಮರಿಗಳು ಅಪ್ಪನ ಹೊಟ್ಟೆಯ ಗರಿಯನ್ನು ಕೊಕ್ಕಿನಿಂದ ಹಿಂಡಿ ಕುಡಿಯುತ್ತವೆ. ಇಂಗ್ಲೆಂಡಿನ ಪಕ್ಷಿಪಾಲಕ ಮೀಡ್-ವಾಲ್ಡೊ 1896ರಲ್ಲಿ ಇದನ್ನು ಬರೆದಾಗ ಪಂಡಿತರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕಾದ ಕಲಹಾರಿಯಲ್ಲಿ ನೋಡಿ ದೃಢಪಡಿಸಿದರು. ಅಲ್ಲಿಯ ಜಾತಿಯೊಂದರ ಗಂಡು ಹೀಗೆ ಸುಮಾರು 25 ಮಿಲಿಲೀಟರ್ ನೀರು ಹೊರಬಲ್ಲದು. ಆ ಗರಿಯೊಳಗಿನ ಎಳೆಗಳು ನೀರು ಹಿಡಿದಿಡುವ ಬಗೆಯನ್ನು ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ನೋಡಿ 2023ರಲ್ಲಿ ಪ್ರಕಟಿಸಿದರು.

ಹಳದಿ ಟಿಟ್ಟಿಭದ ಬಾಳೂ ಇಂಥದ್ದೇ. ಕಾದ ಕೆಂಪು ಮಸಾರಿ ನೆಲದ ಮೇಲೆ, ನೆರಳಿಲ್ಲದ ಕಡೆ, ಒಂದಿಷ್ಟು ಹರಳುಗಳ ನಡುವೆ ಅದು ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಬಿಸಿಲು ಅತಿಯಾದಾಗ ಕಾವು ಕೊಡುವುದಲ್ಲ, ಮೊಟ್ಟೆ ಬೇಯದಂತೆ ತಂಪು ಕೊಡುವುದೇ ಅದರ ಕೆಲಸ. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತದೆ. ಮಣ್ಣಿನ ಬಣ್ಣದ ಆ ಮೊಟ್ಟೆಗಳು ಎರಡಡಿ ದೂರದಲ್ಲಿದ್ದರೂ ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಕಾಣದಿರುವುದೇ ಅವುಗಳ ಕಾವಲು. ಗುದ್ದಲಿ, ಟ್ರ್ಯಾಕ್ಟರು, ಜೆಸಿಬಿಗಳ ಮುಂದೆ ಅದೇ ಅವುಗಳಿಗೆ ಮುಳುವಾಗುತ್ತದೆ.

ಈ ನಾಲ್ಕೂ ತಾಲ್ಲೂಕುಗಳ ಬಯಲಿಗೆ ಇಂದು ಇರುವ ದೊಡ್ಡ ಅಪಾಯ ಬರವಲ್ಲ, ಒಳ್ಳೆಯ ಉದ್ದೇಶ. ಹುಲ್ಲು ಮಾತ್ರ ಇರುವ ನೆಲ ಕಂಡ ಕೂಡಲೇ ಅಲ್ಲಿ ಮೊದಲು ಕಾಡಿತ್ತು, ಜನ ಕಡಿದು ಹಾಳುಮಾಡಿದ್ದಾರೆ, ಮತ್ತೆ ಮರ ನೆಟ್ಟು ಸರಿಪಡಿಸಬೇಕು ಎಂದು ಅಧಿಕಾರಿಗಳಿಗೂ ಪರಿಸರಪ್ರಿಯರಿಗೂ ಒಟ್ಟಿಗೆ ಅನ್ನಿಸುತ್ತದೆ. ಗುಂಡಿ ತೋಡುತ್ತಾರೆ, ಟ್ರೆಂಚ್ ಹೊಡೆಯುತ್ತಾರೆ, ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಸಸಿ ಬದುಕದಿದ್ದರೆ ಹುಲ್ಲಿನ ನೆಲ ಕೆದರಿ ಹೋಗಿರುತ್ತದೆ. ಬದುಕಿದರೆ ನೆರಳಿಗೆ ಹುಲ್ಲು ಸಾಯುತ್ತದೆ, ಕಾಗೆ ಹದ್ದುಗಳಿಗೆ ಕೂತು ನೋಡಲು ಎತ್ತರದ ಜಾಗ ಸಿಗುತ್ತದೆ, ನೆಲದಲ್ಲಿ ಗೂಡು ಮಾಡುವ ಹಕ್ಕಿ ಜಾಗ ಬಿಡುತ್ತದೆ. ಎರಡರಲ್ಲಿಯೂ ನಷ್ಟ ಬಯಲಿಗೇ.

ಇಲ್ಲಿ ಮೊದಲು ಕಾಡಿತ್ತು ಎಂಬ ನಂಬಿಕೆಯನ್ನು ಈ ಸೀಮೆಯ ಇತಿಹಾಸವೇ ಒಪ್ಪುವುದಿಲ್ಲ. ಶಿವಾಜಿಯ ತಂದೆ ಶಹಾಜಿ 1664ರ ಜನವರಿಯಲ್ಲಿ ತೀರಿಕೊಂಡದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದ. ಅವನ ಸಮಾಧಿ ಇಂದಿಗೂ ಅಲ್ಲಿದೆ. ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿ ಬೇಟೆಯಾಡುವುದು ಬಯಲಿದ್ದಲ್ಲಿ ಮಾತ್ರ ಸಾಧ್ಯ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅವರು 1739ರಲ್ಲಿ ಹುಟ್ಟಿದರೆಂದು ಲಂಬಾಣಿ ಸಮುದಾಯ ನಂಬುತ್ತದೆ. ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿ ದಖ್ಖನ್ನಿನ ಉದ್ದಗಲ ಸುತ್ತಿದ ಆ ಸಮುದಾಯಕ್ಕೆ ದಾರಿಯುದ್ದಕ್ಕೂ ಮೇವಿನ ಬಯಲು ಬೇಕಿತ್ತು. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ದನಗಳಿಗಾಗಿ ನಡುಕರ್ನಾಟಕದಲ್ಲಿ ಕಾವಲುಗಳನ್ನು ಕಾದಿಟ್ಟರು. ಜಗಳೂರಿನ ಪಕ್ಕದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಇಂದೂ ಮೇಯಿಸುತ್ತಾರೆ. ಮುನ್ನೂರು ವರ್ಷಗಳ ಈ ನೆನಪೆಲ್ಲ ಹುಲ್ಲಿನ ನೆನಪು. ಈ ನೆಲ ಕಾಡು ಕಳೆದುಕೊಂಡು ಬಯಲಾದದ್ದಲ್ಲ.

ಸರ್ಕಾರಿ ಕಾಗದಗಳು ಬೇರೆಯದನ್ನೇ ಹೇಳುತ್ತವೆ. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಪಾಳುಭೂಮಿಯ ನಕ್ಷೆಪುಸ್ತಕ ಹೊರತಂದಾಗ ಕುರುಚಲು, ಹುಲ್ಲುಗಾವಲುಗಳೆಲ್ಲ ಅದರೊಳಗೆ ಸೇರಿದವು. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಎಂಬ ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ದೇಶದ ಸಹಜ ಬಯಲುಗಳ ನಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದರು. ದೇಶದ ನೆಲದಲ್ಲಿ ಸುಮಾರು ಶೇ 10ರಷ್ಟು ಇಂಥ ಬಯಲು. ಅದರಲ್ಲಿ ರಕ್ಷಿತ ಪ್ರದೇಶಗಳೊಳಗೆ ಇರುವುದು ಶೇ 5ಕ್ಕಿಂತ ಕಡಿಮೆ. ಉಳಿದದ್ದರ ದೊಡ್ಡ ಪಾಲು ದಾಖಲೆಯಲ್ಲಿ ಪಾಳು. ಪಾಳು ಎಂದು ಬರೆದ ನೆಲ ಯಾವ ಯೋಜನೆಗೂ ಮೊದಲು ನೆನಪಾಗುತ್ತದೆ.

ಹಾಗೆ ನೆನಪಾದದ್ದರ ಕಥೆ ತುಂಗಭದ್ರೆಯ ಈ ದಡದವರಿಗೂ ಆ ದಡದವರಿಗೂ ಗೊತ್ತು. ಹೊಳೆಯಾಚೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಕಚ್ಚಾಮಾಲು ಬೆಳೆಯಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸಿ ಮತ್ತು ಡಿ ವರ್ಗದ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ನೆಲವನ್ನು ನೀಲಗಿರಿಗೆ ಕೊಡುವುದು ಯೋಜನೆ. ಆಗ ಹೊನ್ನಾಳಿ, ಚನ್ನಗಿರಿಗಳೂ ಶಿವಮೊಗ್ಗ ಜಿಲ್ಲೆಯವೇ. ಹಳ್ಳಿಗಳ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲ ಅದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ಮುಂಚೂಣಿಯಲ್ಲಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. 1991ರಲ್ಲಿ ಕಂಪನಿಯನ್ನು ಮುಚ್ಚಬೇಕಾಯಿತು. ಹಕ್ಕಿಗಳ ಹೆಸರೆತ್ತದೆ ನಡೆದ ಆ ಹೋರಾಟ ಉಳಿಸಿದ್ದು ಹಕ್ಕಿಗಳ ನೆಲವನ್ನೂ ಹೌದು.

ರಾಣೆಬೆನ್ನೂರಿನಲ್ಲಿ ಆ ಅದೃಷ್ಟ ಇರಲಿಲ್ಲ. 1974ರಲ್ಲಿ 119 ಚದರ ಕಿಲೋಮೀಟರಿನ ವನ್ಯಧಾಮ ಘೋಷಣೆಯಾದದ್ದು ಕೃಷ್ಣಮೃಗ ಮತ್ತು ಎರೆಭೂತಗಳ ಹೆಸರಿನಲ್ಲಿ. ಅದರೊಳಗಿನ ದೊಡ್ಡ ಭಾಗ ನೀಲಗಿರಿ ತೋಪು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಹೆಚ್ಚಿತು. ಮೀಟರ್ ಎತ್ತರದ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲೊಂದಾದ ಎರೆಭೂತ ಅಲ್ಲಿಂದ ಮಾಯವಾಯಿತು. ಇಡೀ ದೇಶದಲ್ಲಿ ಈಗ ಅದರ ಸಂಖ್ಯೆ 150ರ ಆಸುಪಾಸು. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಆದರೆ ನೀಲಗಿರಿಯ ಜಾಗದಲ್ಲಿ ಹೊಂಗೆ, ಬೇವು ನೆಟ್ಟರೂ ಬಯಲಿನ ಹಕ್ಕಿಗೆ ವ್ಯತ್ಯಾಸವೇನಿಲ್ಲ. ಅದಕ್ಕೆ ಬೇಕಿರುವುದು ತೆರೆದ ನೆಲ.

ಹಕ್ಕಿಗಳ ಸಂಖ್ಯೆಯೂ ಇದನ್ನೇ ಹೇಳುತ್ತಿದೆ. ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ದಾಖಲಿಸಿದ ಸುಮಾರು ಮೂರು ಕೋಟಿ ನೋಟಗಳನ್ನು ಆಧರಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖ. ಬಯಲು, ಹುಲ್ಲುಗಾವಲಿನ ಹಕ್ಕಿಗಳು ಕುಸಿಯುತ್ತಿರುವವರ ಮುಂಚೂಣಿಯಲ್ಲಿವೆ. ಅಪಾಯದ ಪಟ್ಟಿಯಲ್ಲಿ ಸ್ಥಾನ ಮರುಪರಿಶೀಲನೆಯಾಗಬೇಕೆಂದು ವರದಿ ಹೆಸರಿಸಿದ 14 ಹಕ್ಕಿಗಳಲ್ಲಿ ನಮ್ಮ ನೀಲಕಂಠವೂ ಇದೆ. ದಸರೆಯಲ್ಲಿ ಕಂಡರೆ ಶುಭ ಎಂದು ನಂಬುವ ನಾಡು, ಅದಕ್ಕೆ ಉಳಿದ ದಿನಗಳಲ್ಲಿ ಎಲ್ಲಿ ಜಾಗ ಬಿಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಮಧ್ಯಾಹ್ನದ ಹೊತ್ತಿಗೆ ಜಗಳೂರಿನಲ್ಲಿ ಹಕ್ಕಿಗಳೂ ನೆರಳು ಹಿಡಿಯುತ್ತವೆ. ಚನ್ನಗಿರಿಯ ಕಡೆ ಹೊರಡಲು ಅದೇ ಸಮಯ. ಎರಡು ಗುಡ್ಡಗಳ ನಡುವಿನ ಕಿರುದಾರಿಗೆ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆ ಅಥವಾ ಶಾಂತಿಸಾಗರದ ಹರವು ಸುಮಾರು 6,500 ಎಕರೆ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆ ಶತಮಾನಗಳಿಂದ ನಿಂತಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೇವದ ಅಂಚಿನಲ್ಲಿ ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳು ತುಂಬಿಕೊಳ್ಳುತ್ತವೆ. ಅಲ್ಲಿಗೆ ಹೋದವರು ಕೆರೆಯನ್ನಷ್ಟೇ ನೋಡಿ ಮರಳುವುದು ಹೆಚ್ಚು. ಸುತ್ತಲಿನ ಗುಡ್ಡಗಳ ಕಡೆಗೂ ದುರ್ಬೀನು ತಿರುಗಬೇಕು. ಬಂಡೆಯ ಸಂದಿನಲ್ಲಿ ಗುಮ್ಮ ತೂಕಡಿಸುತ್ತಿರಬಹುದು. ಕೆರೆಗೆ ಮಳೆನೀರು ಇಳಿಯುವುದೂ ಆ ಇಳಿಜಾರುಗಳಿಂದಲೇ.

ಚನ್ನಗಿರಿಯ ರೈತರ ಬದುಕು ಅಡಿಕೆಯದು. ಭದ್ರಾ ನಾಲೆಯ ನೀರಿನಿಂದ ಶುರುವಾದ ತೋಟಗಳು ಬೋರ್‌ವೆಲ್ ನಂಬಿ ಒಣಹೊಲ, ಗುಡ್ಡದಂಚುಗಳಿಗೂ ಏರಿವೆ. ಧಾರಣೆ ಇರುವಾಗ ರೈತ ಅಡಿಕೆ ಹಾಕುವುದನ್ನು ತಪ್ಪೆನ್ನಲಾಗದು. ಅವನ ಹೊಲ, ಅವನ ಆಯ್ಕೆ. ಆದರೆ ಗೋಮಾಳ ಊರಿನದು. ಗೋಮಾಳ ಒತ್ತುವರಿಯಾಗಿ ತೋಟವಾದಾಗ ಊರಿನ ಕುರಿಗೆ ಮೇವಿಲ್ಲ, ಬುರ್ಲಿ ಹಕ್ಕಿಗೆ ಮರೆಯಿಲ್ಲ. ಜಗಳೂರಿಗೆ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ದಶಕಗಳ ದಾಹಕ್ಕೆ ಸಿಕ್ಕ ಉತ್ತರ. ಅದನ್ನು ಸ್ವಾಗತಿಸಲೇಬೇಕು. ನೀರು ಬಂದ ಕಡೆ ನೆಲದ ಬೆಲೆ ಏರುತ್ತದೆ, ಬೆಲೆ ಏರಿದ ಕಡೆ ಖಾಲಿ ಕಾಣುವ ನೆಲದ ಮೇಲೆ ಕಣ್ಣು ಬೀಳುತ್ತದೆ. ಕೆರೆ ತುಂಬಿಸುವ ಉತ್ಸಾಹದಲ್ಲೇ ಗೋಮಾಳದ ಗಡಿಕಲ್ಲುಗಳನ್ನೂ ಗುರುತಿಸಿಡುವುದು ಜಾಣತನ.

ಗಾಳಿಯಂತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಚಿತ್ರದುರ್ಗ-ಜಗಳೂರು ಭಾಗದ ಗುಡ್ಡಗಳ ನೆತ್ತಿಯ ಮೇಲೆ ಅವು ಸಾಲುಗಟ್ಟಿವೆ. ಕಲ್ಲಿದ್ದಲಿಗಿಂತ ಇದು ಮೇಲು, ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿದ್ದ ಕಡೆ ಬೇಟೆಹಕ್ಕಿಗಳು ಕಡಿಮೆಯಾಗಿ, ಅವು ತಿನ್ನುತ್ತಿದ್ದ ಓತಿಗಳು ಹೆಚ್ಚಾಗಿದ್ದವು. ಒಂದು ಗುಡ್ಡದ ಮೇಲಿನ ಬದಲಾವಣೆ ಅಲ್ಲಿಯ ಇಡೀ ಜೀವಸರಪಳಿಗೆ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯಾವ ಗುಡ್ಡ ಯಂತ್ರಕ್ಕೆ, ಯಾವುದು ಹಕ್ಕಿಗೆ ಎಂಬುದು ಗುತ್ತಿಗೆಗೆ ಮೊದಲೇ ತೀರ್ಮಾನವಾಗಬೇಕು.

ಸಂಜೆಯ ಬಿಸಿಲು ತಗ್ಗುವಾಗ ಹೊನ್ನಾಳಿಯ ಹೊಳೆದಂಡೆ ಸೇರಬಹುದು. ನೀರು ಇಳಿದ ತುಂಗಭದ್ರೆಯ ಮರಳು ದಿಬ್ಬ, ಬಂಡೆಗಳ ನಡುವೆ ರೀವ ಹಕ್ಕಿಗಳು ಸುತ್ತುತ್ತಿರುತ್ತವೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಸಾವಿರಾರು ರೀವಗಳು ಗೂಡು ಮಾಡುವುದು ಪ್ರಸಿದ್ಧ. ಅವುಗಳಿಗೂ ಬೇಕಾಗಿರುವುದು ಬರಿಯ ಮರಳು, ಬರಿಯ ನೆಲ. ಮರಳು ಎತ್ತುವವರಿಗೆ ಬೇಸಿಗೆಯೇ ಸುಗ್ಗಿ, ಹಕ್ಕಿಗಳಿಗೂ ಅದೇ ಸುಗ್ಗಿ. ಇಬ್ಬರ ಹೊತ್ತೂ ಒಂದೇ ಆದದ್ದೇ ಇಲ್ಲಿಯ ಸಂಕಟ.

ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರ ಬೆಟ್ಟವಿದೆ. ಅಲ್ಲಿಯ ಚಿಲುಮೆಯ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಬಯಲು ಮುಗಿದು ಮಲೆನಾಡಿನ ಅಂಚು ಶುರುವಾಗುವ ಜಾಗವಾದ್ದರಿಂದ ಎರಡೂ ಕಡೆಯ ಹಕ್ಕಿಗಳು ಅಲ್ಲಿ ಕೂಡುತ್ತವೆ. ಕತ್ತಲಾಗುವಾಗ ನತ್ತಿಂಗಗಳ ಕೂಗು ಕೇಳಿಸಿಕೊಂಡು ಊರು ಸೇರಬಹುದು.

ಹೀಗೆ ಹೋಗುವವರು ಕೆಲವನ್ನು ಪಾಲಿಸಲೇಬೇಕು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚಿದರೆ ಗೂಡು ಹತ್ತಿರದಲ್ಲಿದೆ ಎಂದರ್ಥ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಉರಿಬಿಸಿಲಿನಲ್ಲಿ ತಾಯಿ ಹತ್ತು ನಿಮಿಷ ದೂರವಿದ್ದರೆ ಮೊಟ್ಟೆ ಕೆಡಬಹುದು. ಫೋಟೊಗಾಗಿ ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯಬಾರದು. ಒಣಹುಲ್ಲಿನ ನಡುವೆ ಬೀಡಿ, ಬೆಂಕಿ ಬೇಡ. ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಕುರಿಗಾಹಿಗಳನ್ನು ಮಾತಾಡಿಸಬೇಕು. ಯಾವ ಮರಡಿಯಲ್ಲಿ ತೋಳ ಮರಿ ಹಾಕುತ್ತದೆ, ಯಾವ ಗುಂಡಿಯಲ್ಲಿ ಕೊನೆಯವರೆಗೆ ನೀರಿರುತ್ತದೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಹದವಾಗಿ ಮೇಯುವ ಮಂದೆ ಹುಲ್ಲುಗಾವಲಿಗೆ ಶತ್ರುವಲ್ಲ. ಮಂದೆಯನ್ನು ಹೊರಗಟ್ಟಿ ಬೇಲಿ ಹಾಕಿದರೆ ಬಯಲು ಉಳಿಯುತ್ತದೆ ಎಂಬ ವಾದವನ್ನು ಒಪ್ಪಲಾಗದು.

ಉಳಿಸುವ ದಾರಿಗಳು ಕಾನೂನಿನಲ್ಲಿ ಈಗಾಗಲೇ ಇವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಸುಮಾರು 736 ಹೆಕ್ಟೇರ್ 2011ರಲ್ಲಿ ಸಂರಕ್ಷಣಾ ಮೀಸಲು ಆಯಿತು. ಸಾಗರ ತಾಲ್ಲೂಕಿನ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿಗೆ, ವರ್ಷಗಟ್ಟಲೆ ಜಗ್ಗಾಟದ ಬಳಿಕ, ಸಂರಕ್ಷಣಾ ಮೀಸಲಿನ ಸ್ಥಾನ ಕೊಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಕಡೂರಿಗೆ ಆದದ್ದು ಚನ್ನಗಿರಿಗೆ ಏಕಾಗಬಾರದು? ರಂಗಯ್ಯನದುರ್ಗಕ್ಕೆ ತಾಗಿದ ಸರ್ಕಾರಿ ಬಯಲುಗಳನ್ನು ಸಂರಕ್ಷಣಾ ಮೀಸಲು ಮಾಡಲು 1972ರ ವನ್ಯಜೀವಿ ಕಾಯ್ದೆಯ 36-ಎ ಕಲಮಿನಲ್ಲಿ ಅವಕಾಶವಿದೆ. ಅಲ್ಲಿ ಸ್ಥಳೀಯರ ಮೇವಿನ ಹಕ್ಕು ಹೋಗುವುದಿಲ್ಲ.

ಜೂನ್ 5 ಪರಿಸರ ದಿನ, ಜುಲೈನಲ್ಲಿ ವನಮಹೋತ್ಸವ. ಗುಂಡಿ ತೋಡುವ ಕೆಲಸ ಶುರುವಾಗುವುದು ಅದಕ್ಕೂ ಮೊದಲು, ಅಂದರೆ ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿರುವ ತಿಂಗಳಲ್ಲೇ. ದಾವಣಗೆರೆ ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆ ಈ ನಾಲ್ಕು ತಾಲ್ಲೂಕುಗಳ ಗೋಮಾಳ, ಕಾವಲು, ಕುರುಚಲು ಗುಡ್ಡಗಳನ್ನು ಸಸಿ ನೆಡುವ ಪಟ್ಟಿಯಿಂದ ಕೈಬಿಡಲಿ. ಸಸಿಗಳು ರಸ್ತೆಬದಿಗೆ, ಶಾಲೆಯಂಗಳಕ್ಕೆ, ಹೊಲದ ಬದುವಿಗೆ ಹೋಗಲಿ. ಓದುಗರು ಈ ಬೇಸಿಗೆಯಲ್ಲಿ ಒಂದು ಮುಂಜಾನೆ ತಮ್ಮ ಊರಿನ ಗೋಮಾಳಕ್ಕೆ ಹೋಗಿ, ಕಂಡ ಹಕ್ಕಿಗಳ ಹೆಸರು, ಜಾಗ, ದಿನಾಂಕ ಬರೆದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಲಿ. ಪ್ರತಿ ಪಂಚಾಯಿತಿಯಲ್ಲೂ ಅಂಥದೊಂದು ಸಮಿತಿ, ಅದರ ಬಳಿ ಒಂದು ದಾಖಲಾತಿ ಪುಸ್ತಕ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಮತ್ತು ಅದರಡಿಯ ನಿಯಮಗಳೇ ಹೇಳುತ್ತವೆ.